ಅಟಲ್ ಟಿಂಕರಿಂಗ್ ಲ್ಯಾಬಿನ ಮೆಂಟರ್ ಕೆಲಸ: ಕಿಟ್ ಬಿಚ್ಚುವ ಮೊದಲು ಮೇಷ್ಟ್ರನ್ನು ಕಾಣಿ

ವಾರಕ್ಕೆ ಒಂದೆರಡು ಗಂಟೆ ಬಿಡುವು ಮಾಡಿಕೊಂಡು ಶಾಲೆಯ ಮಕ್ಕಳ ಜೊತೆ ಕೈಕೆಲಸ ಮಾಡಬೇಕು ಅನ್ನುವವರಿಗೆ ಈಗ ಹಲವು ದಾರಿಗಳಿವೆ. ಅವುಗಳಲ್ಲಿ ಸಾಮಾನು ಸರಂಜಾಮು ಹೆಚ್ಚು ಸಿಗುವುದು ಅಟಲ್ ಟಿಂಕರಿಂಗ್ ಲ್ಯಾಬಿನಲ್ಲಿ. ನೀತಿ ಆಯೋಗದ ಅಟಲ್ ಇನೋವೇಶನ್ ಮಿಷನ್ 2016ರಲ್ಲಿ ಶುರುವಾಯಿತು. ಅದು ಶಾಲೆಗಳಲ್ಲಿ ತೆರೆಯಿಸುವ ಈ ಲ್ಯಾಬುಗಳು, ಅಂದರೆ ಎಲೆಕ್ಟ್ರಾನಿಕ್ಸ್, ಉಪಕರಣಗಳನ್ನು ಕೈಯಾರೆ ಬಿಚ್ಚಿ ಜೋಡಿಸಿ ಕಲಿಯುವ ಕೋಣೆಗಳು, 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಇವೆ. ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅದರಲ್ಲಿ 10 ಲಕ್ಷ ಸಲಕರಣೆ ಕೊಳ್ಳಲು, ಉಳಿದ 10 ಲಕ್ಷ ಗರಿಷ್ಠ ಐದು ವರ್ಷ ಲ್ಯಾಬ್ ನಡೆಸಲು. ದೇಶದಲ್ಲಿ ಇಂಥ 10 ಸಾವಿರ ಲ್ಯಾಬುಗಳಾಗಿವೆ, ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲೇ ಇನ್ನೂ 50 ಸಾವಿರ ಬರಬೇಕೆಂದು 2025-26ರ ಕೇಂದ್ರ ಬಜೆಟ್ ಹೇಳಿತು. ಈ ಲ್ಯಾಬುಗಳಿಗೆ ಹೊರಗಿನಿಂದ ಬಂದು ಕಲಿಸುವ ಸ್ವಯಂಸೇವಕರಿಗಾಗಿ 2017ರಲ್ಲಿ ಶುರುವಾದದ್ದು 'ಮೆಂಟರ್ ಇಂಡಿಯಾ'. ಇದಕ್ಕೆ ಸೇರಿದವರನ್ನು 'ಮೆಂಟರ್ ಆಫ್ ಚೇಂಜ್' ಎನ್ನುತ್ತಾರೆ. ಸಂಬಳವಿಲ್ಲ. ಕೇಳುವುದು ವಾರಕ್ಕೆ ಒಂದರಿಂದ ಎರಡು ಗಂಟೆ.

ಈ ಮೆಂಟರ್ ವ್ಯವಸ್ಥೆ ಹೇಗಿದೆ, ಯಾರಿಗೆ ಒಗ್ಗುತ್ತದೆ, ಎಲ್ಲಿ ಸೋಲುತ್ತದೆ ಅನ್ನುವುದು ಇಲ್ಲಿನ ವಿಷಯ. ತೀರ್ಪನ್ನು ಮೊದಲೇ ಹೇಳಿಬಿಡೋಣ. ಸಲಕರಣೆಗೆ ಹತ್ತಕ್ಕೆ ಎಂಟು ಅಂಕ ಕೊಡಬಹುದು, ಸಮಯದ ವ್ಯವಸ್ಥೆಗೆ ನಾಲ್ಕಕ್ಕಿಂತ ಹೆಚ್ಚು ಕೊಡಲಾಗದು. ಯೋಜನೆ ಕೋಣೆ ಕೊಡುತ್ತದೆ, ಕಿಟ್ ಕೊಡುತ್ತದೆ. ಪೀರಿಯಡ್ ಕೊಡುವವರು ಮಾತ್ರ ಶಾಲೆಯ ಹೆಡ್‌ಮಾಸ್ಟರು. ಕೋಣೆಯ ಬೀಗದ ಕೈ ಇರುವುದು ಲ್ಯಾಬ್ ಇನ್‌ಚಾರ್ಜ್ ಮೇಷ್ಟ್ರ ಹತ್ತಿರ. ಅವರು ಸಾಮಾನ್ಯವಾಗಿ ವಿಜ್ಞಾನದ ಅಥವಾ ಗಣಿತದ ಶಿಕ್ಷಕರು. ವಾರದ ಪೂರ್ತಿ ಪಾಠದ ಜೊತೆಗೆ ಈ ಜವಾಬ್ದಾರಿಯೂ ಅವರ ಮೇಲಿರುತ್ತದೆ. ಮೆಂಟರ್ ಗೆಲ್ಲುವುದೂ ಸೋಲುವುದೂ ಬಹುಪಾಲು ಈ ಒಬ್ಬರ ಜೊತೆಗಿನ ಹೊಂದಾಣಿಕೆಯಿಂದಲೇ. ಆರ್ಡುಯಿನೊ (ಕೋಡ್ ಬರೆದು ಸೆನ್ಸರು, ಮೋಟರು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಎಷ್ಟು ಚೆನ್ನಾಗಿ ಗೊತ್ತು ಅನ್ನುವುದು ಆಮೇಲಿನ ಮಾತು.

ಮೊದಲ ಭೇಟಿ

ನೋಂದಣಿ ಮಿಷನ್ನಿನ ಜಾಲತಾಣದಲ್ಲೇ ಆಗುತ್ತದೆ. ನಿಮ್ಮ ಕೆಲಸ, ಊರು, ಯಾವುದರಲ್ಲಿ ಪಳಗಿದ್ದೀರಿ ಎಂಬುದನ್ನೆಲ್ಲ ತುಂಬಬೇಕು. ತಾಂತ್ರಿಕ ತಿಳಿವಳಿಕೆ, ವಿನ್ಯಾಸ, ಪ್ರೇರಣೆ, ಉದ್ಯಮಶೀಲತೆ ಎಂದು ಮೆಂಟರ್‌ನ ಪಾತ್ರಗಳನ್ನು ವಿಂಗಡಿಸಿದ್ದಾರೆ. ತಂತ್ರಜ್ಞಾನ ಗೊತ್ತಿಲ್ಲದವರೂ ಸೇರಬಹುದು. ಆದರೆ ಬರೀ ಪ್ರೇರಣೆಯ ಭಾಷಣಕ್ಕೆಂದು ಹೋಗುವವರು ದಯವಿಟ್ಟು ಇನ್ನೊಮ್ಮೆ ಯೋಚಿಸಬೇಕು. ಶಾಲೆಗಳಲ್ಲಿ ಭಾಷಣಕ್ಕೆ ಬರವಿಲ್ಲ. ಸುಟ್ಟುಹೋದ ಮೋಟರ್ ಡ್ರೈವರ್ (ಮೋಟರಿಗೆ ಕರೆಂಟ್ ಹಾಯಿಸುವ ಬೋರ್ಡ್) ಗುರುತಿಸುವವರು ಬೇಕಾಗಿದ್ದಾರೆ.

ಶಾಲೆ ಗೊತ್ತಾದ ಮೇಲೆ ಮೊದಲ ದಿನ ಮಕ್ಕಳನ್ನು ನೋಡುವ ಆತುರ ಬೇಡ. ಮೊದಲು ಹೆಡ್‌ಮಾಸ್ಟರ ಕೋಣೆಗೆ, ಅಲ್ಲಿಂದ ಇನ್‌ಚಾರ್ಜ್ ಮೇಷ್ಟ್ರು ಅಥವಾ ಟೀಚರ್ ಜೊತೆ ಲ್ಯಾಬಿಗೆ. ಆ ದಿನ ಎರಡು ಗಂಟೆ ಸಾಮಾನು ಎಣಿಸುವುದರಲ್ಲೇ ಹೋಗಲಿ. ಸಲಕರಣೆ ನಾಲ್ಕು ಪ್ಯಾಕೇಜುಗಳಲ್ಲಿ ಬಂದಿರುತ್ತದೆ. ಮೊದಲನೆಯದರಲ್ಲಿ ಎಲೆಕ್ಟ್ರಾನಿಕ್ಸ್, ರೊಬೊಟಿಕ್ಸ್, ಸೆನ್ಸರುಗಳು. ಎರಡನೆಯದರಲ್ಲಿ ತ್ರೀಡಿ ಪ್ರಿಂಟರ್. ಮೂರನೆಯದರಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಅಳತೆಯ ಉಪಕರಣಗಳು. ಕೊನೆಯದರಲ್ಲಿ ಪವರ್ ಸಪ್ಲೈ ಮತ್ತು ಸುರಕ್ಷತೆಯ ಸಾಮಾನು. ಹಲವು ಪೆಟ್ಟಿಗೆಗಳಿಗೆ ಸೀಲ್ ಕೂಡ ಒಡೆದಿರುವುದಿಲ್ಲ. ಇದನ್ನು ಅಸಡ್ಡೆ ಅಂದುಕೊಳ್ಳಬೇಡಿ. ಇವೆಲ್ಲ ಸ್ಟಾಕ್ ರಿಜಿಸ್ಟರಿನಲ್ಲಿ ಏರಿದ ಸರ್ಕಾರಿ ಸ್ವತ್ತು. ಒಂದು ಸೆನ್ಸರ್ ಸುಟ್ಟರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಆ ಶಿಕ್ಷಕರು. ಆದ್ದರಿಂದ ಅವರು ಬೀಗ ಹಾಕಿಡುತ್ತಾರೆ.

ಇದಕ್ಕೆ ಮದ್ದು ಬಹಳ ಸರಳ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ 'ಬಳಸಿ ಮುಗಿಯುವ ಸಾಮಾನು' ಎಂದು ಬೇರೆ ಪುಟ ಮಾಡಿ. ಎಲ್‌ಇಡಿ, ರೆಸಿಸ್ಟರ್, ಜಂಪರ್ ವೈರ್, ಬ್ಯಾಟರಿ, ಸಣ್ಣ ಸೆನ್ಸರುಗಳು ಅಲ್ಲಿಗೆ ಹೋಗಲಿ. ಯಾವ ದಿನ ಎಷ್ಟು ತೆಗೆದೆವು, ಎಷ್ಟು ಹಾಳಾಯಿತು, ಯಾಕೆ ಎಂದು ಬರೆದು ಮೆಂಟರೂ ಶಿಕ್ಷಕರೂ ಸಹಿ ಹಾಕಿ. ಹಾಳಾಗುವುದು ಲೆಕ್ಕದ ಒಳಗೇ ಬಂದುಬಿಟ್ಟರೆ ಭಯ ಹೋಗುತ್ತದೆ, ಪೆಟ್ಟಿಗೆ ತೆರೆಯುತ್ತದೆ. ನಡೆಸುವ ಖರ್ಚಿನ ಅನುದಾನ ಇರುವುದೇ ಇಂಥದಕ್ಕೆ. ಶಾಲೆ ಸಾಮಾನ್ಯವಾಗಿ ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲ್ ಮೂಲಕ ಕೊಳ್ಳುವುದರಿಂದ ಸಾಮಾನು ಕೈಗೆ ಬರಲು ಸಮಯ ಹಿಡಿಯುತ್ತದೆ. ಮುಂದಿನ ಎರಡು ತಿಂಗಳಿಗೆ ಬೇಕಾದ್ದನ್ನು ಈಗಲೇ ಪಟ್ಟಿ ಮಾಡಿಕೊಡಿ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ನಿಮ್ಮ ಕೈಯಿಂದ ತಂದುಕೊಡುವುದು ಸುಲಭವೇ. ಆದರೆ ಅದು ರೂಢಿಯಾದರೆ ನೀವು ಬಿಟ್ಟ ದಿನ ಲ್ಯಾಬೂ ನಿಲ್ಲುತ್ತದೆ.

ನಲವತ್ತು ನಿಮಿಷದ ಲೆಕ್ಕ

ಒಂದು ಪೀರಿಯಡ್ ಎಂದರೆ ಸುಮಾರು 40 ನಿಮಿಷ. ಮಕ್ಕಳು ತರಗತಿಯಿಂದ ಲ್ಯಾಬಿಗೆ ಬಂದು ಕೂತು, ಪೆಟ್ಟಿಗೆ ತೆಗೆದು, ಕಂಪ್ಯೂಟರ್ ಆನ್ ಆಗುವ ಹೊತ್ತಿಗೆ ಹನ್ನೆರಡು ನಿಮಿಷ ಹೋಗಿರುತ್ತದೆ. ಎತ್ತಿಡಲು ಇನ್ನು ಎಂಟು. ಉಳಿದ ಇಪ್ಪತ್ತರಲ್ಲಿ ಒಂದು ಸರ್ಕ್ಯೂಟ್ ಕಟ್ಟಿ, ತಪ್ಪಿ, ತಪ್ಪು ಹುಡುಕುವುದು ಆಗದ ಮಾತು. ಆಮೇಲೆ ಮೆಂಟರೇ ವೈರ್ ಚುಚ್ಚಿ ತೋರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಯಾರೂ ಏನೂ ಕಲಿತಿರುವುದಿಲ್ಲ. ಹೆಡ್‌ಮಾಸ್ಟರ ಹತ್ತಿರ ಮೊದಲ ದಿನವೇ ಕೇಳಬೇಕಾದ್ದು ಬೆನ್ನುಬೆನ್ನಿಗೆ ಎರಡು ಪೀರಿಯಡ್. ವಾರವಾರ ಸಿಗದಿದ್ದರೆ ಹದಿನೈದು ದಿನಕ್ಕೊಮ್ಮೆಯಾದರೂ ಪರವಾಗಿಲ್ಲ, 80 ನಿಮಿಷ ಒಟ್ಟಿಗೇ ಸಿಗಲಿ. ಶನಿವಾರ ಬೆಳಗಿನ ಶಾಲೆಯ ಕೊನೆಯ ಎರಡು ಪೀರಿಯಡ್ ಹಲವು ಕಡೆ ಒಗ್ಗುತ್ತದೆ. ಶಾಲೆ ಬಿಟ್ಟ ಮೇಲೆ ಇಟ್ಟುಕೊಂಡರೆ ಬಸ್ಸಿಗೆ ಹೋಗುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ.

ತಂಡಕ್ಕೆ ಮೂವರು, ನಾಲ್ಕನೆಯವರು ಬೇಡ. ನಾಲ್ಕು ಜನ ಇದ್ದರೆ ಒಬ್ಬರು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ವೈರ್ ಚುಚ್ಚಿ ಸರ್ಕ್ಯೂಟ್ ಕಟ್ಟುವ ಹಲಗೆ) ಹಿಡಿಯುತ್ತಾರೆ, ಒಬ್ಬರು ಕೀಬೋರ್ಡ್, ಒಬ್ಬರು ನೋಟ್ಸು, ನಾಲ್ಕನೆಯವರು ಕಿಟಕಿ ನೋಡುತ್ತಾರೆ. ಗಂಡು ಹೆಣ್ಣು ಸೇರಿದ ತಂಡಗಳಲ್ಲಿ ವೈರು ಹುಡುಗರ ಕೈಗೂ ಬರವಣಿಗೆ ಹುಡುಗಿಯರ ಕೈಗೂ ತಾನೇ ಹಂಚಿಕೆಯಾಗಿಬಿಡುತ್ತದೆ. ಯಾರೂ ಹೇಳದೆಯೇ ಆಗುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ವಾರಕ್ಕೊಮ್ಮೆ ಕೆಲಸ ಬದಲಾಗಬೇಕೆಂದು ಗೋಡೆಯ ಮೇಲೆ ಪಟ್ಟಿ ಅಂಟಿಸಿ: ಜೋಡಿಸುವವರು, ಕೋಡ್ ಬರೆಯುವವರು, ಅಳೆದು ದಾಖಲಿಸುವವರು. ಪಟ್ಟಿ ಇದ್ದರೆ ಸಾಲದು, ಮೊದಲ ಒಂದು ತಿಂಗಳು ಅದನ್ನು ಗಟ್ಟಿಯಾಗಿ ಪಾಲಿಸಬೇಕು.

ಶಾಲೆಯ ವರ್ಷವನ್ನೂ ಹೀಗೇ ಲೆಕ್ಕ ಹಾಕಬೇಕು. ಕರ್ನಾಟಕದ ಶಾಲೆ ಜೂನ್ ಹೊತ್ತಿಗೆ ಶುರು. ಪ್ರವೇಶ, ಪುಸ್ತಕ, ಸಮವಸ್ತ್ರದ ಗಡಿಬಿಡಿಯಲ್ಲಿ ಆ ತಿಂಗಳು ಹೋಗುತ್ತದೆ. ನಡುವೆ ರೂಪಣಾತ್ಮಕ ಪರೀಕ್ಷೆಗಳು, ಹೋಬಳಿ ಮಟ್ಟದ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಸೆಪ್ಟೆಂಬರ್ ಕೊನೆಗೆ ಅರ್ಧವಾರ್ಷಿಕ ಪರೀಕ್ಷೆ, ಆಮೇಲೆ ದಸರಾ ರಜೆ. ನವೆಂಬರಿನಿಂದ ಶಾಲಾ ವಾರ್ಷಿಕೋತ್ಸವ, ಪ್ರವಾಸ. ಜನವರಿ ಬಂತೆಂದರೆ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತೆ ಇಡೀ ಶಾಲೆಯನ್ನು ನುಂಗುತ್ತದೆ. ಕಾಗದದ ಮೇಲೆ ನಲವತ್ತು ವಾರ ಕಂಡರೂ ಕೈಗೆ ಸಿಗುವುದು ಹದಿನೆಂಟೋ ಇಪ್ಪತ್ತೋ. 10ನೇ ತರಗತಿಯ ಮಕ್ಕಳನ್ನು ಸೇರಿಸಿಕೊಂಡರೆ ಪ್ರಾಜೆಕ್ಟು ಅರ್ಧಕ್ಕೆ ನಿಲ್ಲುವುದು ಬಹುತೇಕ ಖಚಿತ. 8ನೇ ತರಗತಿಯವರನ್ನು ತೆಗೆದುಕೊಳ್ಳಿ. ಅವರಿಗೆ ಎರಡು ವರ್ಷ ಇರುತ್ತದೆ, 9ಕ್ಕೆ ಬಂದಾಗ ಕೆಳಗಿನವರಿಗೆ ಅವರೇ ಕಲಿಸುತ್ತಾರೆ.

ಕನ್ನಡ ಮಾಧ್ಯಮದ ಶಾಲೆಯಲ್ಲಿ

ಮೆಂಟರುಗಳು ಅತಿ ಹೆಚ್ಚು ಎಡವುವುದು ಇಲ್ಲಿ. 'ರೆಸಿಸ್ಟರ್' ಎಂದು ಹೇಳಿದಾಗ ಮಗು ತಲೆಯಾಡಿಸುತ್ತದೆ. ಪುಸ್ತಕದಲ್ಲಿ ಅದೇ ಮಗು ಓದುವುದು 'ರೋಧಕ' ಎಂದು. ಎರಡೂ ಒಂದೇ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ವೋಲ್ಟೇಜ್ ಅಂದರೆ 'ವಿಭವಾಂತರ', ಕರೆಂಟ್ ಅಂದರೆ 'ವಿದ್ಯುತ್ ಪ್ರವಾಹ'. ಮನೆಯಲ್ಲಿ 'ಕರೆಂಟ್ ಹೋಯ್ತು' ಅನ್ನುವಾಗಿನ ಕರೆಂಟ್ ಬೇರೆಯೇ ಅರ್ಥದ್ದು. ಲ್ಯಾಬಿನ ಗೋಡೆಗೆ ಒಂದು ದೊಡ್ಡ ಚಾರ್ಟ್ ಹಾಕಿ, ಒಂದು ಬದಿ ಪಠ್ಯದ ಮಾತು, ಇನ್ನೊಂದು ಬದಿ ಕಿಟ್ಟಿನ ಮಾತು. ಮೂವತ್ತು ಪದ ಸಾಕು. ಇದರಿಂದ ಆಗುವ ಲಾಭ ಯಾವ ಹೊಸ ಸೆನ್ಸರಿನಿಂದಲೂ ಆಗದು.

ಇನ್ನೊಂದು ಗಮನಿಸಬೇಕಾದ್ದಿದೆ. ರಾಜ್ಯದ ಪಠ್ಯದಲ್ಲಿ ಓಮ್‌ನ ನಿಯಮ ಬರುವುದು 10ನೇ ತರಗತಿಯಲ್ಲಿ. 8ನೇ ತರಗತಿಯ ಹುಡುಗಿಗೆ ಎಲ್‌ಇಡಿಯ ಜೊತೆ 220 ಓಮ್ ರೆಸಿಸ್ಟರ್ ಯಾಕೆ ಹಾಕಬೇಕು ಎಂದು ಸೂತ್ರದಿಂದ ಹೇಳಹೊರಟರೆ ಆಕೆ ಬಾಯಿಪಾಠ ಮಾಡುತ್ತಾಳೆ ಅಷ್ಟೆ. ಅದರ ಬದಲು ಒಂದೇ ಎಲ್‌ಇಡಿಗೆ 220 ಓಮ್, 1 ಕಿಲೋಓಮ್, 10 ಕಿಲೋಓಮ್ ಒಂದಾದ ಮೇಲೊಂದು ಹಾಕಿಸಿ, ಬೆಳಕು ಕುಗ್ಗುವುದನ್ನು ನೋಡಲಿ, ಮಲ್ಟಿಮೀಟರಿನಲ್ಲಿ ಮಿಲಿಆಂಪ್ ಅಳೆದು ಬರೆಯಲಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಹಿಡಿದುಕೊಂಡರೆ 5 ವೋಲ್ಟಿನಲ್ಲಿ ಉಳಿಯುವುದು 3, ಅದನ್ನು 220ರಿಂದ ಭಾಗಿಸಿದರೆ 13.6 ಮಿಲಿಆಂಪ್. ಮೀಟರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂದಾಗ ಲೆಕ್ಕಕ್ಕೂ ವೈರಿಗೂ ನಂಟಿದೆ ಎಂದು ಮಗುವಿಗೆ ಹೊಳೆಯುವ ಕ್ಷಣ ನೋಡಲು ಬಲು ಚೆಂದ. ಆರ್ಡುಯಿನೊ ಊನೊದ ಒಂದು ಪಿನ್ನಿನಿಂದ ಎಳೆಯಬೇಕಾದ್ದು 20 ಮಿಲಿಆಂಪ್, 40 ಅದರ ಕಟ್ಟಕಡೆಯ ಮಿತಿ ಎಂಬ ಮಾತನ್ನೂ ಅಲ್ಲೇ ಹೇಳಬಹುದು.

ಮಿಷನ್ನಿನ ಎರಡನೇ ಹಂತಕ್ಕೆ 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 2,750 ಕೋಟಿ ರೂಪಾಯಿ ಒಪ್ಪಿತು. 2028ರ ಮಾರ್ಚ್ 31ರವರೆಗಿನ ಈ ಹಂತದಲ್ಲಿ ಸಂವಿಧಾನದ 22 ಪರಿಶಿಷ್ಟ ಭಾಷೆಗಳಲ್ಲಿ ನಾವೀನ್ಯತೆಯ ಕೆಲಸಕ್ಕೆ ಬೆಂಬಲ ಕೊಡುವ ಭಾಗವೂ ಇದೆ. ಕನ್ನಡವೂ ಆ ಇಪ್ಪತ್ತೆರಡರಲ್ಲಿ ಒಂದು. ಇದರ ಫಲ ತಾಲ್ಲೂಕಿನ ಶಾಲೆಗೆ ಬರುವವರೆಗೂ ಕನ್ನಡದಲ್ಲಿ ಬರೆದ ವರ್ಕ್‌ಶೀಟ್ ಮಾಡಿಕೊಡುವುದು ಮೆಂಟರ್‌ನ ಅತಿ ಬೆಲೆಯುಳ್ಳ ಕೊಡುಗೆ.

ಮೊದಲ ತಿಂಗಳು ಆರ್ಡುಯಿನೊ ಮುಟ್ಟಬೇಡಿ

ಮೊದಲ ಎರಡು ಭೇಟಿಗಳು ಬಿಚ್ಚುವುದಕ್ಕೆ. ಹಳೇ ಟಾರ್ಚು, ಕೆಟ್ಟ ಆಟಿಕೆ ಕಾರು, ಪ್ಲಗ್ ಕತ್ತರಿಸಿ ತೆಗೆದ ಮಿಕ್ಸಿ, ಬ್ಯಾಟರಿ ಹೊರತೆಗೆದ ರೇಡಿಯೊ ಇವೆಲ್ಲ ಚೆನ್ನಾಗಿ ಒದಗುತ್ತವೆ. ಬಿಚ್ಚಿದ ಪ್ರತಿ ಸ್ಕ್ರೂ ಯಾವ ಜಾಗದ್ದು ಎಂದು ಹಾಳೆಯ ಮೇಲೆ ಚಿತ್ರ ಬರೆದು ಆ ಜಾಗದಲ್ಲೇ ಇಡಲಿ. ಹಳೇ ಟ್ಯೂಬಿನ ಟಿವಿ, ಮೈಕ್ರೊವೇವ್, ಇನ್ವರ್ಟರ್, ಮೊಬೈಲ್ ಚಾರ್ಜರ್ ಬಿಚ್ಚಿಸಲೇಬೇಡಿ. ಪ್ಲಗ್ ತೆಗೆದ ಮೇಲೂ ಅವುಗಳ ಕೆಪಾಸಿಟರಿನಲ್ಲಿ ವಿದ್ಯುತ್ ನಿಂತಿರಬಹುದು. ಸಿಎಫ್‌ಎಲ್ ಬಲ್ಬು ಒಡೆದರೆ ಪಾದರಸ. ಇವು ಲ್ಯಾಬಿನೊಳಗೆ ಬರದಿರಲಿ.

ಮುಂದಿನ ಎರಡು ಭೇಟಿ ತೊಂದರೆ ಹುಡುಕುವುದಕ್ಕೆ. ಮಕ್ಕಳನ್ನು 'ಏನು ಮಾಡೋಣ?' ಎಂದು ಕೇಳಿದರೆ ಉತ್ತರ ಯೂಟ್ಯೂಬಿನಿಂದ ಬರುತ್ತದೆ: ಮುಚ್ಚಳ ತಾನೇ ತೆರೆಯುವ ಕಸದ ಬುಟ್ಟಿ, ಅಂಧರಿಗೆ ಸದ್ದು ಮಾಡುವ ಕೋಲು. ಯಾವ ಪ್ರದರ್ಶನಕ್ಕೆ ಹೋದರೂ ಇವೆರಡು ಇದ್ದೇ ಇರುತ್ತವೆ. ಅಭ್ಯಾಸಕ್ಕೆ ಮಾಡಲಿ, ತಪ್ಪಿಲ್ಲ. ಆದರೆ ಆ ಕೋಲನ್ನು ಮಾಡಿದ ಮಗು ಒಬ್ಬ ಅಂಧರ ಜೊತೆ ಹತ್ತು ನಿಮಿಷ ಮಾತಾಡಿರುವುದಿಲ್ಲ, ಅದೇ ಸಂಕಟ. 'ಏನು ಮಾಡೋಣ' ಬಿಟ್ಟು 'ನಿಮ್ಮ ಮನೇಲಿ, ಬೀದೀಲಿ, ಶಾಲೇಲಿ ದಿನಾ ಯಾರಿಗೆ ಏನು ಕಿರಿಕಿರಿ?' ಎಂದು ಕೇಳಿ. ಪ್ರತಿ ತಂಡ ಇಪ್ಪತ್ತು ಬರೆದುಕೊಂಡು ಬರಲಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ವಾರಕ್ಕೆ ಎಷ್ಟು ಸಲ ಆಗುತ್ತದೆ, ಈಗ ಅದಕ್ಕೆ ಏನು ಮಾಡುತ್ತಾರೆ, ಸರಿಹೋಯಿತೋ ಇಲ್ಲವೋ ಎಂದು ಏನನ್ನು ಅಳೆದು ಹೇಳಬಹುದು. ಮೂರಕ್ಕೂ ಉತ್ತರ ಇರುವುದು ನಾಲ್ಕೋ ಐದೋ ಉಳಿಯುತ್ತದೆ. ಆ ಉಳಿದ ನಾಲ್ಕು ಆ ಊರಿನವೇ ಆಗಿರುತ್ತವೆ. ಮಲೆನಾಡಿನಲ್ಲಾದರೆ ಅಂಗಳದಲ್ಲಿ ಅಡಿಕೆ ಹರವಿ ತೋಟಕ್ಕೆ ಹೋದಾಗ ಮಳೆ ಬರುವುದು, ಶಿಡ್ಲಘಟ್ಟ, ರಾಮನಗರದ ಕಡೆ ರೇಷ್ಮೆ ಹುಳು ಮನೆಯ ಬಿಸಿ ಮತ್ತು ತೇವ, ಶಾಲೆಯಲ್ಲಾದರೆ ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವುದು.

ಎಲ್ಲಿ ಕೈಕೊಡುತ್ತದೆ

ಈ ಮೂರನ್ನೇ ತೆಗೆದುಕೊಂಡು, ಕಿಟ್ಟಿನ ಸಾಮಾನು ಎಲ್ಲಿಯವರೆಗೆ ಸಾಕು, ಎಲ್ಲಿ ಸಾಲದು ನೋಡೋಣ.

ಟ್ಯಾಂಕಿಗೆ ಎಲ್ಲರೂ ಹಾಕುವುದು ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್. 2ರಿಂದ 400 ಸೆಂಟಿಮೀಟರ್ ಅಳೆಯುತ್ತದೆ ಎಂದು ಹೆಸರು. ಟ್ರಿಗರ್ ಪಿನ್ನಿಗೆ 10 ಮೈಕ್ರೊಸೆಕೆಂಡ್ ಪಲ್ಸ್ ಕೊಟ್ಟು, ಎಕೊ ಪಿನ್ನಿನಿಂದ ಬಂದ ಮೈಕ್ರೊಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ. ಮೇಜಿನ ಮೇಲೆ ಚೊಕ್ಕವಾಗಿ ನಡೆಯುವ ಇದು ಟ್ಯಾಂಕಿನಲ್ಲಿ ಸುಳ್ಳು ಹೇಳುತ್ತದೆ. ಅದರ ಸದ್ದು ಸುಮಾರು 15 ಡಿಗ್ರಿ ಕೋನದಲ್ಲಿ ಹರಡುವುದರಿಂದ ಗೋಡೆಗೆ, ಒಳಗಿನ ಪೈಪಿಗೆ ಬಡಿದು ಹಿಂದಿರುಗುತ್ತದೆ. ಜೊತೆಗೆ ನೀರಿನ ಆವಿ ಸೆನ್ಸರಿನ ಮುಖಕ್ಕೆ ಕಟ್ಟುತ್ತದೆ. ಗೋಡೆಯಿಂದ ದೂರ ಮಧ್ಯದಲ್ಲಿ ಕೂರಿಸಿ, ಐದು ಸಲ ಅಳೆದು ನಡುವಿನ ಬೆಲೆ ತೆಗೆದುಕೊಳ್ಳಿ, ಸರಾಸರಿ ಬೇಡ. ಒಂದು ಹುಚ್ಚು ಅಳತೆ ಸರಾಸರಿಯನ್ನು ಕೆಡಿಸುತ್ತದೆ, ನಡುವಿನ ಬೆಲೆಯನ್ನು ಕೆಡಿಸುವುದಿಲ್ಲ. ಗಣಿತದ 'ಮಧ್ಯಾಂಕ' ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ, ಗಣಿತದ ಮೇಷ್ಟ್ರನ್ನೂ ಲ್ಯಾಬಿಗೆ ಕರೆತರಲು ಇದೇ ನೆಪ. ನೀರು ತಾಗದ ಜೆಎಸ್‌ಎನ್ ಮಾದರಿಯ ಸೆನ್ಸರ್ ಕೊಂಡರೆ ಬಾಳಿಕೆ ಹೆಚ್ಚು, ಆದರೆ ಅದಕ್ಕೆ ಹತ್ತಿರದ 20-25 ಸೆಂಟಿಮೀಟರ್ ಕುರುಡು. ಟ್ಯಾಂಕಿನ ತುಂಬುಮಟ್ಟಕ್ಕಿಂತ ಅಷ್ಟು ಮೇಲೆ ಜಾಗ ಇದೆಯೇ ಮೊದಲು ನೋಡಿ. ನಿಜ ಹೇಳಬೇಕೆಂದರೆ ಎಷ್ಟೋ ಶಾಲೆಗೆ ಎರಡು ಫ್ಲೋಟ್ ಸ್ವಿಚ್ (ನೀರಿನ ಮೇಲೆ ತೇಲಿ ಆನ್-ಆಫ್ ಆಗುವ ಸ್ವಿಚ್) ಸಾಕು. ಅದನ್ನು ಮಕ್ಕಳೇ ಕಂಡುಕೊಂಡರೆ ಪ್ರಾಜೆಕ್ಟ್ ಸೋತಿತು ಅನ್ನಬೇಡಿ.

ಹುಳು ಮನೆಗೆ ಕಿಟ್ಟಿನ ಡಿಎಚ್‌ಟಿ11 (ಬಿಸಿ, ತೇವ ಅಳೆಯುವ ಸೆನ್ಸರ್) ಸಾಲದು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ, ಶೇ. 80-90 ತೇವ ಬೇಕು. ಬೆಳೆದ ಹುಳುವಿಗೆ 24-25 ಡಿಗ್ರಿ, ಶೇ. 70-75. ಡಿಎಚ್‌ಟಿ11ರ ಅಳತೆ ಎರಡು ಡಿಗ್ರಿ ಅತ್ತಿತ್ತ, ತೇವ ಶೇ. 5 ಅತ್ತಿತ್ತ. 24 ಬೇಕಾದಲ್ಲಿ 26 ಇದ್ದರೂ ಅದು 24 ಎಂದೇ ತೋರಿಸಬಹುದು. ರೈತರ ಮನೆಯಲ್ಲಿ ಅದನ್ನು ನಂಬಿದರೆ ಬೆಳೆಗೇ ಪೆಟ್ಟು. ಡಿಎಚ್‌ಟಿ22 ಅರ್ಧ ಡಿಗ್ರಿಯೊಳಗೆ ಅಳೆಯುತ್ತದೆ, ಆದರೆ ಎರಡು ಸೆಕೆಂಡಿಗೊಮ್ಮೆಗಿಂತ ಬೇಗ ಕೇಳಬಾರದು. ಕೊಂಡ ಸೆನ್ಸರನ್ನೂ ಒಂದು ವಾರ ರೈತರ ಹತ್ತಿರ ಇರುವ ಒಣ-ಒದ್ದೆ ಬಲ್ಬಿನ ಥರ್ಮಾಮೀಟರಿನ ಪಕ್ಕದಲ್ಲಿಟ್ಟು ಹೋಲಿಸಿ ಬರೆಯಿಸಿ. ಅಳತೆಯನ್ನು ಅನುಮಾನಿಸುವುದು ಮಕ್ಕಳಿಗೆ ಇಲ್ಲಿ ಸಿಗುವ ದೊಡ್ಡ ವಿದ್ಯೆ.

ಮಳೆಯ ಸೆನ್ಸರ್, ಮಣ್ಣಿನ ತೇವದ ಸೆನ್ಸರ್ ಎರಡರದೂ ಒಂದೇ ರೋಗ. ಒದ್ದೆಯಾದ ಲೋಹದ ಗೆರೆಗಳ ನಡುವೆ ಸದಾ ಡಿಸಿ (ಒಂದೇ ದಿಕ್ಕಿನ ಕರೆಂಟ್) ಹರಿಯುತ್ತಿದ್ದರೆ ವಿದ್ಯುದ್ವಿಭಜನೆಯಿಂದ ಒಂದು ಬದಿಯ ಲೋಹ ಕರಗಿಹೋಗುತ್ತದೆ. ಎರಡು ಮೂರು ವಾರಕ್ಕೇ ಕಪ್ಪಾಗಿ ತಪ್ಪು ಬೆಲೆ ಕೊಡತೊಡಗುತ್ತದೆ. ಮಕ್ಕಳು ಕೋಡ್ ತಿದ್ದುತ್ತಾ ಕೂರುತ್ತಾರೆ, ತಪ್ಪು ಕೋಡಿನಲ್ಲಿ ಇರುವುದೇ ಇಲ್ಲ. ಸೆನ್ಸರಿಗೆ 5 ವೋಲ್ಟ್ ಪಿನ್ನಿನಿಂದ ನೇರ ಕೊಡದೆ ಒಂದು ಡಿಜಿಟಲ್ ಪಿನ್ನಿನಿಂದ ಕೊಟ್ಟು, ಅಳೆಯುವ ಕ್ಷಣ ಮಾತ್ರ ಆನ್ ಮಾಡಿದರೆ ಆಯುಸ್ಸು ಹೆಚ್ಚುತ್ತದೆ. ಮಣ್ಣಿಗೆ ಕೆಪಾಸಿಟಿವ್ ಮಾದರಿ (ಲೋಹ ನೇರವಾಗಿ ಮಣ್ಣಿಗೆ ತಾಗದ್ದು) ಸಿಕ್ಕರೆ ಅದನ್ನೇ ತನ್ನಿ.

ವಿದ್ಯುತ್ ಸಾಲದೆ ಕೆಡುವುದು ಇವೆಲ್ಲಕ್ಕಿಂತ ಹೆಚ್ಚು. ಸರ್ವೊ ಮೋಟರನ್ನು (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್) ಆರ್ಡುಯಿನೊದ 5 ವೋಲ್ಟ್ ಪಿನ್ನಿಗೆ ಹಾಕಿದರೆ ತಿರುಗುವಾಗಲೆಲ್ಲ ಬೋರ್ಡ್ ರೀಸೆಟ್ ಆಗುತ್ತದೆ. ಚೌಕದ 9 ವೋಲ್ಟ್ ಬ್ಯಾಟರಿಯಿಂದ ರೋಬೊ ಕಾರು ಓಡಿಸಹೊರಟರೆ ಐದು ನಿಮಿಷಕ್ಕೆ ಸುಸ್ತು. ಆ ಬ್ಯಾಟರಿ ಇರುವುದು ಸಣ್ಣ ಕರೆಂಟಿಗೆ. ಎಲ್298 ಮೋಟರ್ ಡ್ರೈವರ್ ತಾನೇ ಸುಮಾರು 2 ವೋಲ್ಟ್ ತಿನ್ನುವುದರಿಂದ 6 ವೋಲ್ಟ್ ಕೊಟ್ಟರೆ ಮೋಟರಿಗೆ ತಲುಪುವುದು ನಾಲ್ಕೇ. ಮೋಟರಿಗೆ ಬೇರೆ ಬ್ಯಾಟರಿ ಕೊಡಿ. ಆದರೆ ಎರಡೂ ಬ್ಯಾಟರಿಗಳ ಗ್ರೌಂಡ್ (ನೆಗೆಟಿವ್ ತುದಿ) ಒಂದಕ್ಕೊಂದು ಸೇರಿರಬೇಕು. ಇದು ತಪ್ಪಿದಾಗ ಮೋಟರು ತನ್ನಿಷ್ಟದಂತೆ ನಡುಗುತ್ತದೆ. ಲಿಥಿಯಂ ಸೆಲ್ ಬಳಸಿದರೆ ಚಾರ್ಜಿಗೆ ಹಾಕುವುದು ದೊಡ್ಡವರ ಕೆಲಸ. ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ ಕೆಲವಕ್ಕೆ ಕೆಂಪು-ನೀಲಿ ಗೆರೆ ಮಧ್ಯದಲ್ಲಿ ತುಂಡಾಗಿರುತ್ತದೆ, ಅರ್ಧ ಸರ್ಕ್ಯೂಟಿಗೆ ಕರೆಂಟೇ ಬರುವುದಿಲ್ಲ. ಹೊಸ ಬ್ರೆಡ್‌ಬೋರ್ಡ್ ಕೈಗೆ ಬಂದ ಕೂಡಲೇ ಮಲ್ಟಿಮೀಟರಿನ ಬೀಪ್‌ನಿಂದ ಪರೀಕ್ಷಿಸುವುದು ಮಕ್ಕಳಿಗೆ ಮೊದಲ ಅಭ್ಯಾಸವಾಗಲಿ.

ಕೋಡ್ ಅಪ್‌ಲೋಡ್ ಆಗದೆ 'ನಾಟ್ ಇನ್ ಸಿಂಕ್' ಎಂದು ಬಂದರೆ ಹುಡುಕುವ ಕ್ರಮ ಇದು: ಪೋರ್ಟ್ ಸರಿಯಿದೆಯೇ, ಬೋರ್ಡ್ ಹೆಸರು ಸರಿಯಿದೆಯೇ, 0 ಮತ್ತು 1ನೇ ಪಿನ್ನಿಗೆ ಬ್ಲೂಟೂತ್ ಏನಾದರೂ ಸಿಕ್ಕಿಸಿದೆಯೇ, ಬೋರ್ಡ್ ಆರ್ಡುಯಿನೊ ನ್ಯಾನೊ ಆದರೆ ತಂತ್ರಾಂಶದಲ್ಲಿ ಹಳೇ ಬೂಟ್‌ಲೋಡರ್ ಆಯ್ಕೆ ಮಾಡಿ ನೋಡಿದ್ದೀರಾ. ಪೋರ್ಟೇ ಕಾಣಿಸದಿದ್ದರೆ ಒಂದೋ ಚಾರ್ಜಿಂಗ್‌ಗೆ ಮಾತ್ರ ಬರುವ ಯುಎಸ್‌ಬಿ ಕೇಬಲ್, ಇಲ್ಲವೇ ಕಂಪ್ಯೂಟರಿಗೆ ಬೋರ್ಡನ್ನು ಗುರುತಿಸಿಕೊಡುವ ಸಿಎಚ್340 ಡ್ರೈವರ್ ತಂತ್ರಾಂಶ ಇಲ್ಲ. ಶಾಲೆಯಲ್ಲಿ ನೆಟ್ ಇರುತ್ತದೆಂದು ನಂಬಿಕೊಂಡು ಹೋಗಬೇಡಿ. ಆರ್ಡುಯಿನೊ ತಂತ್ರಾಂಶ, ಆ ಡ್ರೈವರ್, ಬೇಕಾದ ಲೈಬ್ರರಿಗಳ ಜಿಪ್ ಕಡತಗಳು ನಿಮ್ಮ ಪೆನ್‌ಡ್ರೈವಿನಲ್ಲಿರಲಿ. ಕರೆಂಟ್ ಹೋದ ದಿನಕ್ಕೆಂದು ಬ್ಯಾಟರಿ, ಸ್ವಿಚ್, ಮೋಟರ್ ಮಾತ್ರ ಬೇಕಾಗುವ ಒಂದು ಪಾಠ ತಯಾರಿರಲಿ.

ತ್ರೀಡಿ ಪ್ರಿಂಟರಿನ ಬಗ್ಗೆ ಎರಡೇ ಮಾತು. ಕೀಚೈನ್ ಮುದ್ರಿಸುವುದರಲ್ಲೇ ಅದರ ಆಯುಸ್ಸು ಕಳೆಯದಿರಲಿ, ಸೆನ್ಸರ್ ಕೂರಿಸುವ ಕ್ಲಿಪ್ಪೋ ಡಬ್ಬಿಯೋ ಮಾಡಿಸಿ. ಪಿಎಲ್‌ಎ ತಂತಿಗೆ (ಪ್ರಿಂಟರ್ ಕರಗಿಸಿ ಬಳಸುವ ಪ್ಲಾಸ್ಟಿಕ್ ತಂತಿ) ನಳಿಕೆ 190ರಿಂದ 220 ಡಿಗ್ರಿ, ತಟ್ಟೆ 60ರ ಆಸುಪಾಸು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತಂತಿ ತೇವ ಹೀರಿ ಚಟಪಟ ಸದ್ದು ಮಾಡುತ್ತದೆ, ಮುದ್ರಣದ ಮೇಲೆ ಜೇಡರಬಲೆಯಂತೆ ಎಳೆಗಳು ಬರುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಈ ಕಾಟ ಇಲ್ಲ.

ಯಾವುದಕ್ಕೂ ರಾಜಿಯಾಗಬಾರದ್ದು

230 ವೋಲ್ಟಿನ ವೈರನ್ನು ಮಕ್ಕಳ ಕೈಗೆ ಕೊಡಕೂಡದು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್ ಮಾಡುವ ಸ್ವಿಚ್) ಹಾಕಿ ಪಂಪ್ ಆನ್ ಮಾಡುವ ಪ್ರಾಜೆಕ್ಟಾದರೆ 12 ವೋಲ್ಟ್ ಡಿಸಿ ಪಂಪಿನಲ್ಲೇ ತೋರಿಸಿ. ಶಾಲೆಯ ನಿಜವಾದ ಮೋಟರಿಗೆ ಜೋಡಿಸುವುದಾದರೆ ಎಲೆಕ್ಟ್ರಿಷಿಯನ್ ಬರಲಿ. ಬೆಸುಗೆ ಹಾಕುವಾಗ ಕನ್ನಡಕ ಕಡ್ಡಾಯ, ಕಿಟಕಿ ತೆರೆದಿರಬೇಕು, ಒಂದು ಮೇಜಿಗೆ ಒಂದೇ ಕಾವುಕೋಲು (ಸೋಲ್ಡರಿಂಗ್ ಐರನ್). ಬೆಸುಗೆ ತಂತಿಯಲ್ಲಿ ಸೀಸ ಇರುವುದರಿಂದ ಬಿಸಿಯೂಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಸಿ. ಬೆಸುಗೆಯ ದಿನ ಲ್ಯಾಬ್ ಊಟದ ಹಿಂದಿನ ಪೀರಿಯಡ್ಡಿನಲ್ಲಿದ್ದರೆ ಕೈ ತೊಳೆಯಲು ಐದು ನಿಮಿಷ ಮೊದಲೇ ಬಿಡಬೇಕು.

ಮಕ್ಕಳ ಜೊತೆ ಒಬ್ಬರೇ ಬಾಗಿಲು ಹಾಕಿದ ಕೋಣೆಯಲ್ಲಿ ಇರಬಾರದು, ಶಾಲೆಯ ಸಿಬ್ಬಂದಿ ಒಬ್ಬರು ಇರಲೇಬೇಕು. ಮಗುವಿನ ಫೋನಿಗೆ ನೇರ ಮೆಸೇಜ್ ಬೇಡ. ಮಾತುಕತೆ ಏನಿದ್ದರೂ ಶಿಕ್ಷಕರಿರುವ ಗುಂಪಿನಲ್ಲಿ. ಫೋಟೊ ಹಾಕಲು ಶಾಲೆಯ ಹಾಗೂ ಪೋಷಕರ ಒಪ್ಪಿಗೆ ಬೇಕು. ಯಾವುದಾದರೂ ಮಗು ತನಗೆ ಆಗುತ್ತಿರುವ ಲೈಂಗಿಕ ಕಿರುಕುಳದ ಬಗ್ಗೆ ಹೇಳಿಕೊಂಡರೆ ಸುಮ್ಮನಿರಲು 2012ರ ಪೋಕ್ಸೋ ಕಾಯ್ದೆ ಬಿಡುವುದಿಲ್ಲ. ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. 'ಯಾರಿಗೂ ಹೇಳಲ್ಲ' ಎಂದು ಮಗುವಿಗೆ ಮಾತು ಕೊಡಬೇಡಿ, ಉಳಿಸಿಕೊಳ್ಳಲಾಗದ ಮಾತು ಅದು.

ಇದು ನಿಮಗೆ ಒಗ್ಗದಿದ್ದರೆ

ವಾರದ ದಿನಗಳಲ್ಲಿ ಹೊರಬರಲಾಗದವರಿಗೆ, ಊರಿಂದ ದೂರ ಇರುವ ಕನ್ನಡಿಗರಿಗೆ ಈ ಲ್ಯಾಬ್ ಹೊಂದದು. ಕೈ ಹಿಡಿದು ಕಲಿಸಬೇಕಾದ ಕೆಲಸ ವಿಡಿಯೊ ಕರೆಯಲ್ಲಿ ಸೊರಗುತ್ತದೆ. ಅಂಥವರಿಗೆ ಬೆಂಗಳೂರಿನ ಇ-ವಿದ್ಯಾಲೋಕದಂತೆ ಹಳ್ಳಿಯ ಶಾಲೆಗೆ ಆನ್‌ಲೈನಿನಲ್ಲಿ ಪಾಠ ಮಾಡುವ ದಾರಿ ಮೇಲು. ಓದು, ಗಣಿತ, ಚಿತ್ರಕಲೆ, ಯೋಗ ಹೀಗೆ ಬೇರೇನಾದರೂ ಕಲಿಸಬಲ್ಲವರು, ಇಲ್ಲವೇ ಶಾಲೆಗೆ ಸಾಮಾನು ಕೊಡಬಯಸುವವರು ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಪೋರ್ಟಲ್ ನೋಡಬಹುದು. ಅದರ ಎರಡನೇ ಆವೃತ್ತಿ ಶುರುವಾದದ್ದು 2021ರ ಸೆಪ್ಟೆಂಬರ್ 7ರಂದು. ಅಲ್ಲಿ ಶಾಲೆಯೇ ತನಗೇನು ಬೇಕೆಂದು ಹಾಕುತ್ತದೆ, ಹೀಗಾಗಿ ಬೇಡದ್ದನ್ನು ಹೇರುವ ತಪ್ಪು ಕಡಿಮೆ. ಒಂದೇ ಮಗುವಿನ ಜೊತೆ ದೀರ್ಘಕಾಲ ಒಡನಾಡುವ ಮನಸ್ಸಿದ್ದರೆ ಬೆಂಗಳೂರಿನದೇ ಆದ ಮೆಂಟರ್ ಟುಗೆದರ್ ಇದೆ.

ಲ್ಯಾಬಿಗೇ ಬರುವವರು ಕನಿಷ್ಠ ಎರಡು ಶಾಲಾ ವರ್ಷ ನಿಲ್ಲುವುದಾದರೆ ಮಾತ್ರ ಹೆಸರು ಕೊಡಿ. ಮೊದಲ ವರ್ಷ ಶಿಕ್ಷಕರೂ ನೀವೂ ಪರಸ್ಪರ ಪಳಗುವುದಕ್ಕೇ ಹೋಗುತ್ತದೆ. ಎರಡನೇ ವರ್ಷದ ನಡುವಿನ ಹೊತ್ತಿಗೆ ಪಾಠ ಶಿಕ್ಷಕರು ನಡೆಸಬೇಕು, ನೀವು ಹಿಂದಿನ ಬೆಂಚಿನಲ್ಲಿ ಕೂತು ಕೆಟ್ಟ ಬೋರ್ಡು ನೋಡಬೇಕು. ನೀವು ಬರಲಾಗದ ವಾರವೂ ಲ್ಯಾಬ್ ತೆರೆಯಿತೇ ಎಂದು ಆ ಬಳಕೆಯ ನೋಟ್‌ಬುಕ್ಕಿನಲ್ಲೇ ನೋಡಬಹುದು. ನಿಮ್ಮ ಸಹಿಯಿಲ್ಲದ ಪುಟಗಳು ಹೆಚ್ಚುತ್ತಿದ್ದರೆ ಕೆಲಸ ಸರಿಯಾಗಿ ನಡೆದಿದೆ.

ಮಾರ್ಚಿನ ಕೊನೆಯ ಭೇಟಿಯಲ್ಲಿ ಹೊಸದೇನೂ ಕಲಿಸಬೇಡಿ. ಎಲ್ಲ ರಿಮೋಟು, ಮೀಟರು, ರೋಬೊಗಳಿಂದ ಬ್ಯಾಟರಿ ಹೊರತೆಗೆಸಿ. ಬೇಸಿಗೆ ರಜೆಯಲ್ಲಿ ಸೋರಿ ಕಿಲುಬು ಹಿಡಿಯುವುದು ಆಗಲೇ. ಲಿಥಿಯಂ ಸೆಲ್ಲುಗಳು ಅರ್ಧ ಚಾರ್ಜಿನಲ್ಲಿ, ಒಂದಕ್ಕೊಂದು ತಾಗದಂತೆ ಲೋಹವಲ್ಲದ ಡಬ್ಬಿಗೆ ಹೋಗಲಿ. ಪಿಎಲ್‌ಎ ತಂತಿ ಸೀಲ್ ಆಗಲಿ. ಮುಗಿಯದ ಪ್ರಾಜೆಕ್ಟನ್ನು ಬಿಚ್ಚಬೇಡಿ, ಪಿನ್ ಯಾವುದು ಎಲ್ಲಿಗೆ ಎಂಬ ಚಿತ್ರದೊಂದಿಗೆ ಪೆಟ್ಟಿಗೆಯಲ್ಲಿಟ್ಟು ಮೇಲೆ ತಂಡದ ಮೂವರ ಹೆಸರು ಬರೆಯಿಸಿ. ಜೂನ್‌ನಲ್ಲಿ ಅವರು 9ನೇ ತರಗತಿಗೆ ಬಂದಾಗ ಆ ಪೆಟ್ಟಿಗೆ ಅವರ ಕೈಗೇ ಸಿಗಬೇಕು.